ಆ ಹುಡುಗ ಈಗ ಎಲ್ಲಿದ್ದಾನೆ?

ನೂಕುನುಗ್ಗಲಲ್ಲಿ ಅಂಗಿ ಗುಂಡಿ ಕಿತ್ತುಕೊಂಡು ಮೊದಲ ಷೋ ಟಿಕೆಟ್ ಗಿಟ್ಟಿಸಿದ ಶೂರರಿಗೂ ಒಂದು ದಿನ ಮದುವೆಯಾಗುತ್ತದೆ, ಮಕ್ಕಳಾಗುತ್ತವೆ. ಆಮೇಲೆ ಸಿನಿಮಾ ನೋಡುವ ಕಥೆಯೇ ಬೇರೆ! ತೊಡೆ ಮೇಲೊಂದು, ಹೆಗಲ ಮೇಲೊಂದು. ಪರದೆ ಮೇಲೆ ಫೈಟಿಂಗ್ ಶುರುವಾದರೆ ಇಲ್ಲಿ ಉಚ್ಚೆಗೆ ಅರ್ಜೆಂಟು. ಬ್ರಹ್ಮಚಾರಿ ಮಿತ್ರರೇ, ನಗಿ, ನಗಿ... ನಿಮ್ಮ ಸರದಿಯೂ ಬರುತ್ತೆ!

ಹೋದ ಭಾನುವಾರ ಮನೆಯಲ್ಲಿ 'ಭಕ್ತ ಪ್ರಹ್ಲಾದ' ಹಾಕಿದ್ದೆ. 1983ರ ಚಿತ್ರ. ಹಿರಣ್ಯಕಶಿಪುವಾಗಿ ಅಣ್ಣಾವ್ರು, ಪ್ರಹ್ಲಾದನಾಗಿ ಅವರ ಕಿರಿಮಗ ಪುನೀತ್. 1975ರಲ್ಲಿ ಹುಟ್ಟಿದ ಹುಡುಗ, ಅಪ್ಪನ ಆ ಗುಡುಗಿಗೆ ಎದುರು ನಿಲ್ಲುವುದೆಂದರೆ ಸಾಮಾನ್ಯವೇ?

ಕಂಬ ಒಡೆದದ್ದೇ ತಡ, ಎರಡೂವರೆ ವರ್ಷದ ನಮ್ಮ ಮಗರಾಯ ಎದ್ದು ಹೋಗಿ ಕಬ್ಬಿಣದ ಬೀರುವಿಗೆ ಗುದ್ದತೊಡಗಿದ. "ಇಲ್ಲಿದ್ದಾನಾ? ಇಲ್ಲಿದ್ದಾನಾ?" ಅಡುಗೆಮನೆಯಿಂದ ನಮ್ಮಾಕೆಯ ದನಿ: "ಬೀರು ಬಾಗಿಲು ಕಿತ್ತು ಬಂದ್ರೆ ನರಸಿಂಹ ಬರಲ್ಲ ಕಣೋ, ನಾನು ಬರ್ತೀನಿ!"

ಐದು ವರ್ಷದ ಮಗಳ ಚಿಂತೆ ಬೇರೆ.

"ಆ ಅಪ್ಪ ಯಾಕೆ ಅಷ್ಟು ಬೈತಾರೆ?"

"ಅದು ಆಕ್ಟಿಂಗ್ ಪುಟ್ಟಿ. ನಿಜವಾಗ್ಲೂ ಅವರು ಅಪ್ಪ-ಮಗಾನೇ."

"ಹಾಗಾದ್ರೆ ಶೂಟಿಂಗ್ ಮುಗಿದ ಮೇಲೆ ಎತ್ಕೊಳ್ತಿದ್ರಾ?"

ಎತ್ಕೊಳ್ಳದೆ ಇರ್ತಾರಾ, ಅಂದೆ. ಸಮಾಧಾನವಾಯಿತು. ಆಮೇಲೆ ಬಂತು ನೋಡಿ ಬಾಣ: "ಆ ಹುಡುಗ ಈಗ ಎಲ್ಲಿದ್ದಾನೆ?"

'ಬೆಟ್ಟದ ಹೂವು' (1985) ಚಿತ್ರಕ್ಕೆ ಶ್ರೇಷ್ಠ ಬಾಲನಟ ಎಂದು ರಾಷ್ಟ್ರಪ್ರಶಸ್ತಿ ಪಡೆದ, 2002ರಲ್ಲಿ 'ಅಪ್ಪು' ಆಗಿ ಹೀರೋ ಆದ ಅಂತೆಲ್ಲ ಹೇಳಬಹುದಿತ್ತು. ಆದರೆ 2021ರ ಅಕ್ಟೋಬರ್ 29ನ್ನು ಹೇಗೆ ಹೇಳೋದು? "ದೇವರ ಹತ್ರ ಹೋದ್ರು ಪುಟ್ಟಿ" ಅಂದೆ.

"ನೀನೂ ಹೋಗ್ತೀಯಾ?"

ಡೈಲಾಗ್ ಮರೆತ ಹೊಸ ನಟನ ಹಾಗೆ ಕೂತೆ. "ನೀನು ತುಂಬಾ ದೊಡ್ಡೋಳಾದ ಮೇಲೆ" ಅಂತ ಹೇಗೋ ತೇಲಿಸಿದೆ. ಅವಳು ಆಟಕ್ಕೆ ಓಡಿದಳು. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪುಗೆ ಆಗ 46. ನನಗೀಗ 28. ಕಳೆದರೆ 18 ವರ್ಷ. ಆಗ ಮಗಳಿಗೆ 23. ಅದೇನು ತುಂಬಾ ದೊಡ್ಡ ವಯಸ್ಸಾ?

ಬೆಳಿಗ್ಗೆ ಅವಳಿಗೆ ಇನ್ನೊಂದು ಸಂಗತಿ ಹೇಳಿದೆ. ಅಣ್ಣಾವ್ರು 2006ರಲ್ಲಿ ಹೋದಾಗ ಅವರ ಕಣ್ಣು ದಾನವಾಯಿತು. ಮಗನೂ ಅದೇ ದಾರಿ ಹಿಡಿದರು. ಅಪ್ಪು ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. "ಎರಡು ಕಣ್ಣು ನಾಲ್ಕು ಜನಕ್ಕೆ ಹೇಗೆ?" ಅಂದಳು. ಕಣ್ಣಿನ ಕರಿಗುಡ್ಡೆಯ ಮೇಲಿನ ತೆಳು ಪೊರೆಯನ್ನೇ ಪದರ ಬಿಡಿಸಿ ಹಂಚಿದರು ಎಂದೆ. "ದೋಸೆ ಹಂಚಿದ ಹಾಗಾ?" ಹೂಂ, ಹಾಗೇ!

ಮಿತ್ರರೇ, ಅಭಿಮಾನಿಗಳನ್ನೇ ದೇವರು ಎಂದ ಮನೆತನ ಅದು. ಅಪ್ಪನಿಗೂ ಮಗನಿಗೂ 'ಕರ್ನಾಟಕ ರತ್ನ' ಬಂತು. ಅವರ ಹಾಗೆ ಕುಣಿಯಲು, ಹಾಡಲು ನಮ್ಮಿಂದ ಆಗಲ್ಲ. ಕಣ್ಣು ಕೊಡಲು ಆಗುತ್ತೆ. ಬರೀ ಫಾರಂ ತುಂಬಿದರೆ ಸಾಲದು. ಉಸಿರು ನಿಂತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ನೇತ್ರ ಭಂಡಾರಕ್ಕೆ ಫೋನ್ ಮಾಡಬೇಕಾದವರು ಮನೆಯವರು. ಅದಕ್ಕೇ ಮೊದಲೇ ಅವರಿಗೆ ಹೇಳಿಡಿ. ನಾನು ನಮ್ಮಾಕೆಗೆ ಹೇಳಿದೆ. ಒಂದು ಗಳಿಗೆ ಮುಖ ಗಂಟು ಹಾಕಿ, ಆಮೇಲೆ, "ಸರಿ, ನಂದೂ ಬರ್ಕೊಳ್ಳಿ" ಅಂದಳು.