ಮಡಿದವರ ಹೆಸರು

ಸೆಪ್ಟೆಂಬರ್ ೧೭ ಬಂದಿತೆಂದರೆ ನಮ್ಮ ಸೀಮೆಯಲ್ಲಿ ವರ್ಷದ ಮೂರನೆಯ ಧ್ವಜಾರೋಹಣ. ಬೆಂಗಳೂರು ಮೈಸೂರುಗಳವರಿಗೆ ಅದು ಹತ್ತರಲ್ಲಿ ಹನ್ನೊಂದನೆಯ ದಿನ. ಯಾದಗಿರಿ, ಶಹಾಪುರ, ಸುರಪುರಗಳವರಿಗೆ ಹಾಗಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದು ಹದಿಮೂರು ತಿಂಗಳು ಕಳೆದ ಮೇಲೆ, ೧೯೪೮ರ ಆ ದಿನ ನಿಜಾಮನ ಸರ್ಕಾರ ಸೋಲೊಪ್ಪಿಕೊಂಡು ಈ ನೆಲ ಭಾರತಕ್ಕೆ ಸೇರುವ ದಾರಿ ತೆರೆಯಿತು. ಆ ದಿನವನ್ನು ಏನೆಂದು ಕರೆಯಬೇಕೆಂಬುದೇ ಇನ್ನೂ ಇತ್ಯರ್ಥವಾಗಿಲ್ಲ. ನಾವು ಬಹುಕಾಲ ವಿಮೋಚನಾ ದಿನವೆಂದೆವು. ೨೦೧೯ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾದಾಗ ದಿನವೂ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ನೆರೆಯ ತೆಲಂಗಾಣದಲ್ಲಿ ಸರ್ಕಾರ ಬದಲಾದಂತೆ ದಿನದ ಹೆಸರೂ ಬದಲಾಗಿದೆ. ೨೦೨೪ರಲ್ಲಿ ಕೇಂದ್ರ ಸರ್ಕಾರ ತನ್ನದೊಂದು ಹೆಸರನ್ನು ಅಧಿಸೂಚನೆಯ ಮೂಲಕ ಗೊತ್ತುಮಾಡಿತು. ದಿನದ ಹೆಸರಿಗೆ ಇಷ್ಟು ಜಗ್ಗಾಟ. ಆ ಕಾಲದಲ್ಲಿ ಸತ್ತವರ ಹೆಸರುಗಳಿಗೆ ಮಾತ್ರ ಯಾವ ಜಗ್ಗಾಟವೂ ಇಲ್ಲ.

ಈ ಮಾತು ನನಗೆ ತಾನಾಗಿ ಹೊಳೆದದ್ದಲ್ಲ. ಕಾಲೇಜಿನಲ್ಲಿ ಆ ದಿನದ ಭಾಷಣ ಕನ್ನಡ ಅಧ್ಯಾಪಕನ ಪಾಲಿಗೆ ಬರುವುದು ವಾಡಿಕೆ. ಹುತಾತ್ಮರ ನೆತ್ತರು, ತ್ಯಾಗ, ಬಲಿದಾನ ಎಂದು ನಾನೂ ಇಪ್ಪತ್ತು ನಿಮಿಷ ಮಾತಾಡಿದೆ. ಬೂಂದಿ ಹಂಚುವ ಹೊತ್ತಿಗೆ ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿ ಬಂದು, “ಸರ, ಹುತಾತ್ಮರು ಹುತಾತ್ಮರು ಅಂತ ನಾಕೈದು ಸಲ ಅಂದ್ರಿ. ಒಬ್ಬರ ಹೆಸರೂ ಹೇಳಲಿಲ್ರೀ” ಎಂದಳು. ಅವಳದು ಆಕ್ಷೇಪಣೆಯ ದನಿಯಲ್ಲ. ನಿಜವಾಗಿ ತಿಳಿಯಬಯಸುವವರ ದನಿ. ಅದರಿಂದಲೇ ಉತ್ತರ ಕೊಡುವುದು ಕಷ್ಟವಾಯಿತು. ವಿಚಿತ್ರವೆಂದರೆ ಅದೇ ವಾರ ನಾನು ಅದೇ ತರಗತಿಗೆ ವೀರಗಲ್ಲಿನ ಪಾಠ ಮಾಡಿದ್ದೆ.

ವೀರಗಲ್ಲನ್ನು ಕಾಣದ ಕನ್ನಡಿಗನಿಲ್ಲ; ಕಂಡು ಗುರುತಿಸಿದವರು ಕಡಿಮೆ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡೊಯ್ಯುವ ಚಿತ್ರ, ಮೇಲೆ ಶಿವಸನ್ನಿಧಿ, ಅದರ ಮೇಲೆ ಸೂರ್ಯಚಂದ್ರರು. ಊರ ಹೊರಗೆ ಅರ್ಧ ಹೂತು ನಿಂತ ಇಂಥ ಕಲ್ಲಿಗೆ ಯಾರೋ ಸುಣ್ಣ ಬಳಿಯುತ್ತಾರೆ, ಯಾರೋ ಎಣ್ಣೆ ಹಚ್ಚಿ ಹಣುಮಪ್ಪನೆಂದು ಕೈಮುಗಿಯುತ್ತಾರೆ, ಇನ್ನು ಕೆಲವೆಡೆ ಅದರ ಮೇಲೆ ಅರಿವೆ ಒಗೆಯುತ್ತಾರೆ. ಸತ್ತವನು ಬಹುಮಟ್ಟಿಗೆ ರಾಜನಲ್ಲ, ಸೇನಾಪತಿಯೂ ಅಲ್ಲ. ಊರ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆಯಲು ಹೋಗಿ ಬಿದ್ದವನು, ಊರಳಿವಿನಲ್ಲಿ ಹೆಣ್ಣುಮಕ್ಕಳ ಮಾನ ಕಾಯಲು ನಿಂತವನು. ಇಂಥವನ ಹೆಸರನ್ನು, ಕೆಲವೊಮ್ಮೆ ತಂದೆಯ ಹೆಸರನ್ನೂ ಸೇರಿಸಿ, ನಮ್ಮ ಹಿಂದಿನವರು ಕಲ್ಲಿನಲ್ಲಿ ಕೊರೆಸಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ, ಅವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟರು. ಅದರ ಹೆಸರೇ ನೆತ್ತರುಗೊಡಗೆ. ಸ್ಮರಣೆ ಎಂಬುದು ಮಾತಿನಲ್ಲಿ ಮುಗಿಯದೆ ಹೊಲದ ಬದುವಿಗೆ ಮುಟ್ಟಬೇಕೆಂಬ ವಿವೇಕ ಆ ಒಂದು ಶಬ್ದದಲ್ಲಿದೆ. ಕಣ್ಣೀರಿಗೆ ಕೊಡಗೆಯಿಲ್ಲ, ನೆತ್ತರಿಗುಂಟು. ಇದು ಕಠಿನವಾದ ಲೆಕ್ಕ, ಆದರೆ ಲೆಕ್ಕವಂತೂ ಹೌದು.

ಆತಕೂರಿನ ಶಾಸನವನ್ನು ವಾಚಕರು ಬಲ್ಲರು. ೯೪೯ರ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೆರನು ಒಡೆಯನಾದ ಬೂತುಗನಿಂದ ಬೇಡಿದ್ದು ‘ಕಾಳಿ’ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಹಂದಿಯ ಜೊತೆಗೇ ಸತ್ತಿತು. ಅದಕ್ಕೊಂದು ಕಲ್ಲು ನಿಂತಿತು, ಪೂಜೆಗೆ ಭೂಮಿ ಬಿಟ್ಟದ್ದಾಯಿತು, ಪೂಜೆ ಮಾಡದೆ ಉಣ್ಣುವ ಅರ್ಚಕನಿಗೆ ಪಾಪದ ಮಾತೂ ಬರೆಯಲಾಯಿತು. ಸಾವಿರ ವರ್ಷದ ಹಿಂದಿನ ನಾಯಿಯ ಹೆಸರನ್ನು ನಾನು ತರಗತಿಯಲ್ಲಿ ಹೇಳಬಲ್ಲೆ. ನನ್ನ ಅಜ್ಜಿಯ ಕಾಲದಲ್ಲಿ ನನ್ನ ಓಣಿಯಲ್ಲೇ ಸತ್ತ ಮನುಷ್ಯನ ಹೆಸರನ್ನು ಹೇಳಲಾರೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಸುರಪುರಕ್ಕೆ ಹೋದವರು ಗುಡ್ಡದ ಮೇಲಿನ ಟೇಲರ್ ಮಂಜಿಲನ್ನು ನೋಡದೆ ಬರುವುದಿಲ್ಲ. ೧೮೪೧ರಲ್ಲಿ ಅಲ್ಲಿಗೆ ಬಂದ ಮೆಡೋಸ್ ಟೇಲರ್, ಬಾಲಕನಾಗಿದ್ದ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡು, ಅವನು ಪ್ರಾಯಕ್ಕೆ ಬಂದ ಮೇಲೆ ೧೮೫೩ರಲ್ಲಿ ಹೊರಟುಹೋದ. ರಾಜ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಐದು ವರ್ಷದೊಳಗೆ ಅದೇ ರಾಜ ಇಂಗ್ಲಿಷರ ಮೇಲೆ ತಿರುಗಿಬಿದ್ದ. ೧೮೫೮ರ ಫೆಬ್ರವರಿಯಲ್ಲಿ ಸುರಪುರದ ಬಳಿ ಕಾಳಗ ನಡೆಯಿತು. ಇಂಗ್ಲಿಷರ ಕಡೆ ಕ್ಯಾಪ್ಟನ್ ನ್ಯೂಬೆರಿ ಸತ್ತ, ಲೆಫ್ಟಿನೆಂಟ್ ಸ್ಟುವರ್ಟ್ ಗಾಯಗೊಂಡು ಆಮೇಲೆ ಸತ್ತ. ಸೆರೆಸಿಕ್ಕ ರಾಜನಿಗೆ ಮೊದಲು ಮರಣದಂಡನೆ ವಿಧಿಸಿ, ಆಮೇಲೆ ಇಳಿಸುತ್ತ ಬಂದು ಕಡೆಗೆ ನಾಲ್ಕು ವರ್ಷದ ಕೋಟೆವಾಸಕ್ಕೆ ತಂದು ನಿಲ್ಲಿಸಿದರು. ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲೇ ಜೊತೆಗಿದ್ದ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನ ಸಾವಾಯಿತು. ಅದು ಆಕಸ್ಮಿಕವೋ ಆತ್ಮಹತ್ಯೆಯೋ ಎಂಬ ಪ್ರಶ್ನೆಯನ್ನು ಟೇಲರ್ ತೀರ್ಮಾನಿಸದೆ ಬಿಟ್ಟಿದ್ದಾನೆ. ಸುರಪುರದ ಜನ ಮೂರನೆಯ ಮಾತನ್ನೂ ಆಡುತ್ತಾರೆ. ೧೮೬೦ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ಇದೆಲ್ಲ ೧೮೭೭ರಲ್ಲಿ ಅಚ್ಚಾದ ಟೇಲರನ ಆತ್ಮಕಥೆಯಲ್ಲಿದೆ. ಪುಸ್ತಕದಲ್ಲಿ ರಾಜನ ಮೇಲಿನ ವಾತ್ಸಲ್ಯ ಸುಳ್ಳಲ್ಲ. ಆದರೆ ನಾನು ಅದನ್ನು ಓದುವಾಗಲೆಲ್ಲ ಒಂದು ಎಡೆಯಲ್ಲಿ ತಡೆಯುತ್ತೇನೆ. ಸತ್ತ ಇಬ್ಬರು ಅಧಿಕಾರಿಗಳಿಗೆ ಹೆಸರುಂಟು, ಪದವಿಯುಂಟು. ರಾಜನ ಕಡೆ ನಿಂತವರಿಗೆ ಇರುವುದು ಗುಂಪಿನ ಹೆಸರು: ಬೇಡರು, ಅರಬರು, ರೋಹಿಲರು. ಒಬ್ಬನಿಗೂ ಅಪ್ಪ ಅಮ್ಮ ಇಟ್ಟ ಹೆಸರಿಲ್ಲ. ಇದಕ್ಕೆ ಟೇಲರನೊಬ್ಬನನ್ನೇ ದೂರುವುದು ಸುಲಭದ ಕೆಲಸ. ನಾವೇನು ಮಾಡಿದೆವು? ರಾಜನನ್ನು ನೆನೆದೆವು, ಸರಿ. ಅವನ ಹಿಂದೆ ಗುಡ್ಡವಿಳಿದು ಬಂದವರನ್ನು ‘ಅಸಂಖ್ಯಾತ ವೀರರು’ ಎಂದು ಒಂದೇ ವಿಶೇಷಣದಲ್ಲಿ ಮುಗಿಸಿದೆವು. ಅಸಂಖ್ಯಾತ ಎಂದರೆ ಎಣಿಸಲಾಗದವರೆಂದು ಅರ್ಥ. ನಮ್ಮ ಬಳಕೆಯಲ್ಲಿ ಎಣಿಸದವರೆಂದಾಗಿದೆ. ೧೭೦೫ರಲ್ಲಿ ಔರಂಗಜೇಬನೇ ಬಂದು ಮುತ್ತಿದ ವಾಗಣಗೇರಿ ಕೋಟೆಯ ಕಥೆಯೂ ಇಷ್ಟೇ. ಬಾದಶಹನ ಕಡೆಯ ಮುತ್ತಿಗೆಯೆಂಬ ಹೆಮ್ಮೆ ನಮಗುಂಟು, ಗೋಡೆಯ ಒಳಗೆ ಸತ್ತವರ ಪಟ್ಟಿಯಿಲ್ಲ.

ಹಲಗಲಿಯವರು ಈ ದೃಷ್ಟಿಯಿಂದ ಭಾಗ್ಯವಂತರು. ೧೮೫೭ರಲ್ಲಿ, ಆಯುಧ ಒಪ್ಪಿಸಿರೆಂಬ ಕಾಯಿದೆಗೆ ಬಗ್ಗದ ಆ ಊರಿನ ಬೇಡರಲ್ಲಿ ಹಲವರು ಗುಂಡಿಗೆ ಸತ್ತರು, ಹಲವರು ಗಲ್ಲಿಗೇರಿದರು. ಅವರಿಗೆ ಅರಮನೆಯಿರಲಿಲ್ಲ, ಚರಿತ್ರಕಾರರಿರಲಿಲ್ಲ, ಒಬ್ಬ ಲಾವಣಿಕಾರನಿದ್ದ. ಜಡಗ, ಬಾಲ, ಹನುಮ ಎಂಬ ಹೆಸರುಗಳು ಹಾಡಿನಲ್ಲಿ ಉಳಿದವು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ! ಕೊಂದ ಸರ್ಕಾರದ ನೌಕರನೇ ಸತ್ತವರ ಹಾಡನ್ನು ಕಾದಿಟ್ಟ. ಚರಿತ್ರೆಗೆ ಇಂಥ ಕುಚೋದ್ಯಗಳು ಪ್ರಿಯವೆಂದು ಕಾಣುತ್ತದೆ.

ಹೊರಗಿನ ಲೋಕವಾದರೂ ಹೆಸರಿನ ಬೆಲೆಯನ್ನು ತಿಳಿದದ್ದು ತಡವಾಗಿಯೇ. ಮೊದಲ ಮಹಾಯುದ್ಧದ ನಡುವೆ, ೧೯೧೭ರಲ್ಲಿ, ಬ್ರಿಟಿಷರು ಸಮಾಧಿಗಳ ಆಯೋಗವೊಂದನ್ನು ಸ್ಥಾಪಿಸಿ ಸೇನಾಪತಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು ಎಂಬ ನಿಯಮ ಮಾಡಿದರು. ದೊಡ್ಡ ಮಾತೇ. ಆದರೆ ನಿಯಮ ಸಮುದ್ರ ದಾಟುವಾಗ ಸೊರಗಿತು. ಇರಾಕಿನ ಬಸ್ರಾ ಸ್ಮಾರಕದಲ್ಲಿ ಭಾರತದ ಸಾಮಾನ್ಯ ಸಿಪಾಯಿಗಳನ್ನು ದಳದ ಹೆಸರಿನ ಕೆಳಗೆ ಸಂಖ್ಯೆಯಾಗಿ ಕೊರೆಯಲಾಯಿತು. ಆ ಆಯೋಗವೇ ೨೦೨೧ರಲ್ಲಿ ವರದಿಯೊಂದನ್ನು ಹೊರಡಿಸಿ, ಏಷ್ಯಾ ಆಫ್ರಿಕಾಗಳ ಕಡೆಯಿಂದ ಹೋಗಿ ಮಡಿದವರಲ್ಲಿ ಕಡಿಮೆಯೆಂದರೂ ೧,೧೬,೦೦೦ ಮಂದಿಯ ಹೆಸರನ್ನು ಎಲ್ಲಿಯೂ ದಾಖಲಿಸಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಸ್ವತಂತ್ರ ಭಾರತದ ಯೋಧರ ಹೆಸರುಗಳೆಲ್ಲ ಒಂದೆಡೆ ಬಂದದ್ದು ದೆಹಲಿಯಲ್ಲಿ ೨೦೧೯ರ ಫೆಬ್ರವರಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ. ೨೫ ಸಾವಿರಕ್ಕೂ ಹೆಚ್ಚು ಹೆಸರುಗಳು ಅಲ್ಲಿ ಕಲ್ಲಿನಲ್ಲಿವೆ.

ಹೆಸರು ಹೇಳಿದರೆ ಸಾಲದು, ಹೇಗೆ ಹೇಳುತ್ತೇವೆ ಎಂಬುದೂ ಇದೆ. ನನ್ನ ಪರಿಚಯದ ಒಬ್ಬ ಮಾಜಿ ಸೈನಿಕರು ಶಹಾಪುರದ ಹತ್ತಿರದ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾರೆ. ೧೯೯೯ರಲ್ಲಿ ಕಾರ್ಗಿಲ್ಲಿನಲ್ಲಿದ್ದವರು. ಸಮಾರಂಭಕ್ಕೆ ಎಷ್ಟು ಕರೆದರೂ ಬರುವವರಲ್ಲ. ಕಾರಣ ಕೇಳಿದ್ದಕ್ಕೆ, “ನನ್ನ ಸಂಗಾಟ ಇದ್ದಾವನ ಹೆಸರು ಮೈಕಿನ್ಯಾಗ ಕೇಳಾಕ ನನಗ ಆಗಂಗಿಲ್ರೀ” ಎಂದರು. ಅವರ ಗೆಳೆಯನ ಹೆಸರನ್ನು ತಮ್ಮ ಮಗನಿಗೆ ಇಟ್ಟಿದ್ದಾರೆ. ದಿನಕ್ಕೆ ಹತ್ತು ಸಲ ಕೂಗುತ್ತಾರೆ, ಬಯ್ಯುವಾಗಲೂ ಸೇರಿ. ಈ ಸ್ಮರಣೆಯ ಮುಂದೆ ನನ್ನ ಇಪ್ಪತ್ತು ನಿಮಿಷದ ಭಾಷಣ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು ಸಮಾರಂಭಗಳೇ ಬೇಡವೆನ್ನುವ ಪಕ್ಷಕ್ಕೆ ನಾನು ಸೇರಲಾರೆ. ಗೆಳೆಯನಿಲ್ಲದೆ, ಮಗನಿಲ್ಲದೆ ಸತ್ತವನ ಹೆಸರನ್ನು ಊರು ಹೇಳದಿದ್ದರೆ ಮತ್ತಾರು ಹೇಳಬೇಕು?

ಇನ್ನು ೧೯೪೮. ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ಆ ವರ್ಷದ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಈ ಸೀಮೆಯ ಎದೆಯಲ್ಲಿ ಇಳಿದ ಮುಳ್ಳು. ಅಲ್ಲಿ ಹುತಾತ್ಮರ ಸ್ಮಾರಕ ೨೦೨೩ರಲ್ಲಿ ಉದ್ಘಾಟನೆಯಾಯಿತು. ಎಪ್ಪತ್ತೈದು ವರ್ಷ ತಡ. ಆದರೆ ಆ ವರ್ಷದ ಸಾವುಗಳು ಸೆಪ್ಟೆಂಬರ್ ೧೭ಕ್ಕೆ ನಿಲ್ಲಲಿಲ್ಲ. ಸೈನಿಕ ಕಾರ್ಯಾಚರಣೆ ಮುಗಿದ ಮೇಲಿನ ದಿನಗಳಲ್ಲಿ ಸೇಡು ಊರೂರು ತಿರುಗಿತು. ಕೇಂದ್ರ ಸರ್ಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಸಂಚರಿಸಿ ನೋಡಿ, ಸಂಸ್ಥಾನದಲ್ಲಿ ೨೭ರಿಂದ ೪೦ ಸಾವಿರ ಮಂದಿ ಸತ್ತಿರಬೇಕೆಂದು ಅಂದಾಜು ಮಾಡಿತು, ಬಹುಪಾಲು ಮುಸಲ್ಮಾನರು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು. ಯಾದಗಿರಿ, ಶಹಾಪುರ, ಸುರಪುರಗಳು ಆಗ ಅದೇ ಜಿಲ್ಲೆಯವು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಅಂಕಿಯ ಬಗ್ಗೆ ವಿದ್ವಾಂಸರಲ್ಲಿ ವಾದಗಳಿವೆ. ಸಾವುಗಳ ಬಗ್ಗೆ ಇಲ್ಲ. ಮೊದಲ ಸಾವುಗಳನ್ನು ನೆನೆದರೆ ಎರಡನೆಯವರಿಗೆ ನೋವು, ಎರಡನೆಯವನ್ನು ನೆನೆದರೆ ಮೊದಲಿನವರಿಗೆ ಅವಮಾನ ಎಂಬ ಭಯದಲ್ಲಿ ನಮ್ಮ ಊರುಗಳು ಬಾಯಿ ಮುಚ್ಚಿಕೊಂಡವು. ಆ ಭಯ ಪೂರ್ತಿ ತಪ್ಪೆಂದು ನಾನು ಹೇಳುವುದಿಲ್ಲ. ಮರುದಿನ ಅದೇ ಬಾವಿಯಲ್ಲಿ ನೀರು ಸೇದಬೇಕಾದವರಿಗೆ ಮೌನವೂ ಒಂದು ಬಗೆಯ ಬದುಕುವ ಉಪಾಯವಾಗಿತ್ತು. ಬಾವಿಯ ಕಾಲ ಹೋಗಿ ನಲ್ಲಿಯ ಕಾಲ ಬಂದ ಮೇಲೂ ಅದೇ ಉಪಾಯವನ್ನು ಹಿಡಿದುಕೊಂಡಿರಬೇಕೇ ಎಂಬುದು ನನ್ನ ಸಂದೇಹ.

ಇದೇ ನೆಲ ಇದಕ್ಕಿಂತ ದೊಡ್ಡ ಮನಸ್ಸನ್ನು ತೋರಿಸಿದೆ ಎಂಬುದಕ್ಕೆ ಮೊಹರಂ ಸಾಕ್ಷಿ. ಕ್ರಿ.ಶ. ೬೮೦ರಲ್ಲಿ ಕರ್ಬಲಾದ ಮರಳಿನಲ್ಲಿ ಮಡಿದ ಹುಸೇನರಿಗಾಗಿ ನಮ್ಮ ಹಳ್ಳಿಗಳಲ್ಲಿ ಲಿಂಗವಂತರು, ಕುರುಬರು, ಬೇಡರು, ಮುಸಲ್ಮಾನರು ಕೂಡಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಅಚ್ಚ ಕನ್ನಡದ ರಿವಾಯತ ಪದ ಹೇಳುತ್ತಾರೆ. ಹಾಡುವವನೂ ಅಳುತ್ತಾನೆ, ಕೇಳುವವನೂ ಅಳುತ್ತಾನೆ. ನೋಡದ ದೇಶದ, ಬೇರೆ ಮತದ, ಹದಿಮೂರು ಶತಮಾನದ ಹಿಂದಿನ ಸಾವಿಗೆ ಮನೆಯ ಸಾವಿನಂತೆ ಅತ್ತ ಜನ ನಾವು. ಎದುರು ಮನೆಯ ಸಾವಿಗೆ ಅಳಲಾರದೆ ಹೋದೆವೆಂದರೆ ಅದು ಶಕ್ತಿಯಿಲ್ಲದ್ದರಿಂದಲ್ಲ.

ಎದುರು ಮನೆ ಎಂದಾಗ ನನ್ನ ಅಜ್ಜಿ. ರಜಾಕಾರರ ಹಾವಳಿಯಲ್ಲಿ ನಮ್ಮ ಮನೆಯವರು ಗಡಿ ದಾಟಿ ತಾಳಿಕೋಟೆಯ ಕಡೆಗೆ ಹೋದರು. ಹೋಗುವಾಗ ಬೀಗದ ಕೈಯನ್ನು ಎದುರು ಮನೆಯ ಪಿಂಜಾರನ ಕೈಗೆ ಕೊಟ್ಟರು. ನಾಲ್ಕು ತಿಂಗಳ ಮೇಲೆ ತಿರುಗಿ ಬಂದಾಗ ಮನೆ ಹೇಗಿತ್ತೋ ಹಾಗೇ ಇತ್ತು, ಹಗೇವಿನ ಜೋಳಕ್ಕೂ ಯಾರೂ ಕೈ ಹಚ್ಚಿರಲಿಲ್ಲ. ಕೈ ಕೊಟ್ಟಿದ್ದ ಮನುಷ್ಯ ಮಾತ್ರ ಇರಲಿಲ್ಲ; ಅವನ ಮನೆಯ ಕದವೂ ಇರಲಿಲ್ಲ. ಏನಾಯಿತೆಂದು ಅಜ್ಜಿ ಯಾವತ್ತೂ ಹೇಳಲಿಲ್ಲ. ಪ್ರತಿ ಮೊಹರಮ್ಮಿಗೆ ಸಕ್ಕರೆ ಓದಿಸಿಕೊಂಡು ಬಾ ಎಂದು ನನ್ನನ್ನು ಕಳುಹಿಸುತ್ತಿದ್ದಳು. ಮನೆಯಲ್ಲಿ ಯಾರಿಗೂ ಜ್ವರವಿಲ್ಲ, ಹರಕೆಯಿಲ್ಲ, ಯಾರ ಹೆಸರಿನಲ್ಲಿ ಓದಿಸಬೇಕೆಂದು ಕೇಳಿದರೆ, “ಓದಿಸು, ಅವರಿಗೆ ಗೊತ್ತದ” ಎನ್ನುತ್ತಿದ್ದಳು. ಹರಕೆ ತಿಳಿಯದ ಹುಡುಗನಾಗಿ ನಾನು ಸಕ್ಕರೆಯನ್ನು ದಾರಿಯಲ್ಲಿ ಅಷ್ಟಿಷ್ಟು ತಿಂದದ್ದೂ ಉಂಟು.

ವಿದ್ಯಾರ್ಥಿನಿ ಕೇಳಿದ ಮೇಲೆ ನಾನು ಆ ತರಗತಿಗೆ ಒಂದು ಕೆಲಸ ಕೊಟ್ಟೆ. ತಮ್ಮ ತಮ್ಮ ಊರಿನ ಹಿರಿಯರನ್ನು ಕೇಳಿ, ಆ ವರ್ಷ ಸತ್ತವರ ಹೆಸರುಗಳನ್ನು, ಯಾವ ಕಡೆಯವರೆಂದು ನೋಡದೆ, ಬರೆದು ತರಬೇಕು. ಅಂಕವಿಲ್ಲ, ಬಲವಂತವಿಲ್ಲ. ನಲವತ್ತು ಮಂದಿಯಲ್ಲಿ ಹನ್ನೊಂದು ಮಂದಿ ತಂದರು. ಇಬ್ಬರು ಮನೆಯಲ್ಲಿ ಬೈಸಿಕೊಂಡು ಬರಿಗೈಯಲ್ಲಿ ಬಂದರು. ಆ ಹಾಳೆಗಳು ವಿಭಾಗದ ಬೀರುವಿನಲ್ಲಿ ದಪ್ಪ ರಟ್ಟಿನ ಒಂದು ವಹಿಯಲ್ಲಿ ಸೇರಿವೆ. ಮುಂದಿನ ಸೆಪ್ಟೆಂಬರಿನಲ್ಲಿ ಅವುಗಳನ್ನು ಓದಬೇಕೋ ಬೇಡವೋ ಎಂಬ ಚರ್ಚೆ ಅಧ್ಯಾಪಕರ ಕೋಣೆಯಲ್ಲಿ ಇನ್ನೂ ಮುಗಿದಿಲ್ಲ. ಓದಬೇಕೆಂಬುದು ನನ್ನ ಮತ. ಚರಿತ್ರೆಯ ಗೆಳೆಯರು ಇನ್ನೊಂದು ವರ್ಷ ತಡೆಯೋಣವೆನ್ನುತ್ತಾರೆ.

ಕೆಲಸ ಕೊಟ್ಟವನು ತಾನೂ ಮಾಡಬೇಕಲ್ಲವೇ? ಅಜ್ಜಿ ತೀರಿಕೊಂಡು ಹದಿನೈದು ವರ್ಷ. ಉಳಿದಿರುವವಳು ನನ್ನ ಸೋದರತ್ತೆ. ಅವಳ ಬಳಿಗೆ ಹೋಗಿ ಎದುರು ಮನೆಯವನ ಹೆಸರೇನೆಂದು ಕೇಳಿದೆ. ಅವಳು ಬಹಳ ಹೊತ್ತು ನೆನಪು ಮಾಡಿಕೊಂಡಳು. ತನ್ನ ತಾಯಿ ಅವನ ವಿಷಯ ತೆಗೆದದ್ದೇ ಎರಡು ಮೂರು ಸಲ, ಆಗಲೂ ‘ಅಣ್ಣ’ ಎಂದಷ್ಟೇ ಅಂದಿದ್ದಳಂತೆ. ಹೆಸರು ಅತ್ತೆಗೂ ಗೊತ್ತಿಲ್ಲ.