ನೋಡಿದ್ದಕ್ಕೂ ದುಡ್ಡಾ?

ಕಾರಿನ ಏಸಿ ತಣ್ಣಗಾಗ್ತಿಲ್ಲ ಅಂತ ಯಾವ ಗ್ಯಾರೇಜಿಗೆ ಬೇಕಾದ್ರೂ ಹೋಗಿ. ಬಾನೆಟ್ ಎತ್ತುವ ಮೊದಲೇ ಉತ್ತರ ಬರುತ್ತೆ: "ಗ್ಯಾಸ್ ಹೋಗಿದೆ ಸಾರ್, ತುಂಬಿಸ್ಬೇಕು." ನಾವೂ ತಲೆ ಆಡಿಸ್ತೀವಿ. ಯಾಕಂದ್ರೆ ಏಸಿ ಗ್ಯಾಸು ಅಂದ್ರೆ ಪೆಟ್ರೋಲ್ ಥರ ಓಡಿದಷ್ಟೂ ಖರ್ಚಾಗೋ ವಸ್ತು ಅಂತ ನಮ್ಮ ನಂಬಿಕೆ. ಅಲ್ಲ ಸ್ವಾಮಿ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುವಂಥದ್ದು. ಕಮ್ಮಿಯಾಗಿದೆ ಅಂದ್ರೆ ಎಲ್ಲೋ ಸೋರಿದೆ. ಸೋರಿದ ಜಾಗ ಹುಡುಕದೆ ತುಂಬಿಸೋದು ತೂತು ಕೊಡಪಾನಕ್ಕೆ ನೀರು ಹೊತ್ತ ಹಾಗೆ.

ನನ್ನ ಕಾರಿನಲ್ಲಂತೂ ಗ್ಯಾಸ್ ಸೋರಿರಲೇ ಇಲ್ಲ.

ಕಳೆದ ಏಪ್ರಿಲ್‌ನಲ್ಲಿ ಒಂದು ತಿಂಗಳು ಊರಿನಿಂದಲೇ ಕೆಲಸ ಮಾಡ್ತಿದ್ದೆ. ಊರು ಭದ್ರಾವತಿ ಹತ್ತಿರ. ಅಪ್ಪನಿಗೆ ಆಪರೇಷನ್ ಆಗಿತ್ತು, ವಾರಕ್ಕೊಂದು ಸಲ ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಿತ್ತು. ಸರಿಯಾಗಿ ಅದೇ ಹೊತ್ತಿಗೆ ಏಸಿ ಕೈಕೊಡ್ತು. ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಗ್ಯಾಸ್ ತುಂಬಿಸಿ 2,800 ರೂಪಾಯಿ ತಗೊಂಡ್ರು. ಎರಡು ದಿನ ತಣ್ಣಗಿತ್ತು, ಮೂರನೇ ದಿನ ಮತ್ತೆ ಬಿಸಿಗಾಳಿ. ಇನ್ನೊಂದು ಗ್ಯಾರೇಜಿನವರು ಐದು ನಿಮಿಷ ನೋಡಿ, "ಕಂಪ್ರೆಸರ್ ಹೋಗಿದೆ, 26 ಸಾವಿರ ಆಗುತ್ತೆ" ಅಂದ್ರು. ಎರಡೂ ಕಡೆ ಯಾರೂ ಒಂದು ಟೆಸ್ಟರ್ ಮುಟ್ಟಲಿಲ್ಲ.

ಏಸಿ ಗುಂಡಿ ಒತ್ತಿದಾಗ ಏನಾಗುತ್ತೆ ಅಂತ ಸ್ವಲ್ಪ ಹೇಳ್ತೀನಿ. ನನ್ನಂಥವರ ಹಳೇ ಸಣ್ಣ ಕಾರುಗಳಲ್ಲಿ ಕಂಪ್ರೆಸರ್ ಮುಂದೆ ಒಂದು ಅಯಸ್ಕಾಂತದ ಕ್ಲಚ್ ಇರುತ್ತೆ. ಕರೆಂಟ್ ಬಂದ್ರೆ 'ಟಕ್' ಅಂತ ಕಚ್ಚಿಕೊಂಡು ಕಂಪ್ರೆಸರ್ ತಿರುಗುತ್ತೆ. ಆ ಕರೆಂಟು ಫ್ಯೂಸ್, ರಿಲೇ, ವೈರು, ಕನೆಕ್ಟರ್ ಎಲ್ಲಾ ದಾಟಿ ಬರಬೇಕು. ಜೊತೆಗೆ ಪ್ರೆಷರ್ ಸ್ವಿಚ್ಚೂ ಒಳಗಿನ ತಂಪು ಅಳೆಯುವ ಸೆನ್ಸರ್ರೂ ಒಪ್ಪಬೇಕು. ಗ್ಯಾಸ್ ತೀರಾ ಕಮ್ಮಿಯಾದ್ರೆ ಆ ಪ್ರೆಷರ್ ಸ್ವಿಚ್ಚೇ ಕರೆಂಟ್ ತಡೆದುಬಿಡುತ್ತೆ. ಅಂದ್ರೆ ಗ್ಯಾಸ್ ಸೋರಿದ್ರೂ, ಇಪ್ಪತ್ತು ರೂಪಾಯಿ ಫ್ಯೂಸ್ ಸುಟ್ಟಿದ್ರೂ, ಒಳಗೆ ಕೂತವನಿಗೆ ಗೊತ್ತಾಗೋದು ಒಂದೇ: ಬಿಸಿಗಾಳಿ. ಕಾರಣ ಹತ್ತು, ಲಕ್ಷಣ ಒಂದು. ಇಂಥ ಕಡೆ ಪರೀಕ್ಷೆ ಮಾಡದೆ ಪಾರ್ಟ್ ಬದಲಾಯಿಸೋದು ರಿಪೇರಿಯಲ್ಲ, ನಮ್ಮ ದುಡ್ಡಲ್ಲಿ ಆಡೋ ಇಸ್ಪೀಟು.

ಮೆಕ್ಯಾನಿಕ್‌ಗಳನ್ನ ಬೈಯೋ ಮುಂಚೆ ನನ್ನ ಕಥೆ ಕೇಳಿ. ನಾನು ಓದಿದ್ದು ಬಿ.ಇ., ಅದೂ ಎಲೆಕ್ಟ್ರಾನಿಕ್ಸ್. 26 ಸಾವಿರ ಅಂದ ಕೂಡಲೇ ಮಲ್ಟಿಮೀಟರ್ ತಗೊಂಡು ನಾನೇ ಇಳಿದೆ. ಕ್ಲಚ್ಚಿನ ಕನೆಕ್ಟರ್ ಬಿಚ್ಚಿ, ಇಂಜಿನ್ ಆನ್ ಮಾಡಿ, ಏಸಿ ಹಾಕಿ ಅಳೆದೆ. 13 ವೋಲ್ಟ್‌ಗೂ ಮೇಲೆ ತೋರಿಸ್ತು. "ಕರೆಂಟ್ ಸರಿಯಾಗೇ ಬರ್ತಿದೆ, ಕಂಪ್ರೆಸರ್‌ದೇ ತೊಂದರೆ" ಅಂತ ಅಪ್ಪನ ಮುಂದೆ ತೀರ್ಪು ಕೊಟ್ಟೆ.

ಅಪ್ಪನೇ ಭದ್ರಾವತಿಯ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಹತ್ತಿರ ಕರ್ಕೊಂಡು ಹೋದದ್ದು. ಅರವತ್ತು ದಾಟಿದ ಮನುಷ್ಯ. ನನ್ನ ಮೀಟರ್ ಕಥೆ ಪೂರ್ತಿ ಕೇಳಿಸಿಕೊಂಡು, ಗೋಡೆಗೆ ನೇತುಹಾಕಿದ್ದ ಒಂದು ಹಳೇ ಹೆಡ್‌ಲೈಟ್ ಬಲ್ಬ್ ತಂದ್ರು. ಅದಕ್ಕೆ ಎರಡು ವೈರು ಬೆಸುಗೆ ಹಾಕಿತ್ತು. ಕ್ಲಚ್ ಜಾಗದಲ್ಲಿ ಅದನ್ನ ಸಿಕ್ಕಿಸಿದ್ರು. ಬಲ್ಬು ಉರಿಯಲಿಲ್ಲ, ಕೆಂಡದ ಹಾಗೆ ಕೆಂಪಗಾಯ್ತು ಅಷ್ಟೇ.

"ಮೀಟರು ಕರೆಂಟ್ ಕುಡಿಯಲ್ಲಪ್ಪಾ. ಕುಡಿಸಿ ನೋಡ್ಬೇಕು" ಅಂದ್ರು.

ಓಮ್‌ನ ನಿಯಮ ಬರೆದು ನಾನು ಪೂರ್ತಿ ಅಂಕ ತಗೊಂಡಿದ್ದೆ. ಕ್ಲಚ್ಚಿಗೆ ಮೂರು ನಾಲ್ಕು ಆಂಪಿಯರ್ ಬೇಕು, 55 ವ್ಯಾಟ್‌ನ ಹೆಡ್‌ಲೈಟ್ ಬಲ್ಬಿಗೂ ಹೆಚ್ಚುಕಮ್ಮಿ ಅಷ್ಟೇ ಬೇಕು. ಮೀಟರ್ ಎಳೆಯೋದು ಲೆಕ್ಕಕ್ಕೇ ಬಾರದಷ್ಟು. ವೈರಿನೊಳಗೆ ಒಂದೇ ಎಳೆ ಉಳಿದಿದ್ರೂ ಮೀಟರ್ ಪೂರ್ತಿ ವೋಲ್ಟ್ ತೋರಿಸುತ್ತೆ. ಭಾರ ಬಿದ್ದ ಕೂಡಲೇ ವೋಲ್ಟ್ ಕುಸಿಯುತ್ತೆ, ಕ್ಲಚ್ ಕಚ್ಚಲ್ಲ. ಇದೆಲ್ಲ ನನ್ನ ಪುಸ್ತಕದಲ್ಲೇ ಇತ್ತು. ಅವರ ಕೈಯಲ್ಲಿತ್ತು.

ಮುಕ್ಕಾಲು ಗಂಟೆ ಮಲಗಿ, ಬಗ್ಗಿ, ವೈರ್ ಹಿಡಿದುಕೊಂಡು ಹೋದ್ರು. ಕನೆಕ್ಟರ್ ಹಿಂದೆ, ಪ್ಲಾಸ್ಟಿಕ್ ಕವಚದ ಒಳಗೆ, ತಾಮ್ರ ಕಿಲುಬು ಹಿಡಿದು ಹಸಿರು ಪುಡಿಯಾಗಿತ್ತು. ಮಲೆನಾಡಿನ ಎರಡು ಮಳೆಗಾಲ ಅಡಿಕೆ ಶೆಡ್ಡಿನಲ್ಲಿ ನಿಂತ ಕಾರು. ಗ್ಯಾಸ್ ತುಂಬಿದವರ ಕೈ ತಾಗಿ ಆ ವೈರು ಅಲುಗಿತ್ತು, ಅದಕ್ಕೇ ಎರಡು ದಿನ ತಣ್ಣಗಾಗಿದ್ದು. ಕೆಟ್ಟ ತುಂಡು ಕತ್ತರಿಸಿ, ಹೊಸ ವೈರು ಬೆಸುಗೆ ಹಾಕಿದ್ರು. ಟಕ್!

"ಮುನ್ನೂರು ಕೊಡಿ" ಅಂದ್ರು. ನಾನು ಏನಂದೆ ಗೊತ್ತಾ? "ಒಂದು ತುಂಡು ವೈರ್‌ಗಾ? ಇನ್ನೂರು ತಗೊಳ್ಳಿ ಯಜಮಾನ್ರೇ." ಅವರು ಮಾತಾಡದೆ ತಗೊಂಡ್ರು. ಕಾರು ಹೊರಟ ಮೇಲೆ ಅಪ್ಪ ಹೇಳಿದ್ದು ಒಂದೇ ಮಾತು: "ಆ 2,800ಕ್ಕೆ ಚೌಕಾಸಿ ಮಾಡಿರಲಿಲ್ಲ ಅಲ್ವೇನೋ ಮಾರಾಯ."

ಇಲ್ಲಿದೆ ನೋಡಿ ರೋಗ. ನಾವು ಪಾರ್ಟಿಗೆ ದುಡ್ಡು ಕೊಡ್ತೀವಿ, ಹುಡುಕಿದ್ದಕ್ಕೆ ಕೊಡಲ್ಲ. "ನೋಡಿದ್ದಕ್ಕೂ ದುಡ್ಡಾ?" ಅಂತೀವಿ. ಡಾಕ್ಟರಿಗೆ ನೋಡಿದ್ದಕ್ಕೇ ಫೀಸು ಕೊಡ್ತೀವಿ, ರಕ್ತ ಪರೀಕ್ಷೆಗೆ ಬೇರೆ ಕೊಡ್ತೀವಿ, ಪರೀಕ್ಷೆ ಮಾಡದೆ ಹೊಟ್ಟೆ ಕೊಯ್ದರೆ ಕೇಸ್ ಹಾಕ್ತೀವಿ. ಗ್ಯಾರೇಜಿನಲ್ಲಿ ಮಾತ್ರ ಎರಡು ಗಂಟೆ ವೈರ್ ಹುಡುಕಿದ ಹುಡುಗನಿಗೆ ಚಾ ಕುಡಿ ಅಂತ ಐವತ್ತು ರೂಪಾಯಿ. ಅವನು ಪೆದ್ದನಲ್ಲ. ಮುಂದಿನ ಸಲ ಹುಡುಕಲ್ಲ, ಕಂಪ್ರೆಸರ್ರೇ ಬದಲಾಯಿಸ್ತಾನೆ. ಬಿಲ್ಲಿನಲ್ಲಿ ಪಾರ್ಟಿಗೆ ಒಂದು ಸಾಲಿದೆ, ಪರೀಕ್ಷೆಗೆ ಸಾಲೇ ಇಲ್ಲ.

ಮೋಸಗಾರರು ಇಲ್ಲವೇ ಅಂತ ಕೇಳ್ತೀರಿ. ಇದ್ದಾರೆ, ನನ್ನ 2,800 ಹೋದ ಸಿಟ್ಟು ಇನ್ನೂ ಇಳಿದಿಲ್ಲ. ಆದ್ರೆ ಪ್ರಾಮಾಣಿಕನಿಗೆ ಇನ್ನೂರು, ಊಹೆ ಮಾಡಿದವನಿಗೆ 2,800 ಕೊಟ್ಟದ್ದು ನಾನೇ. ಮೋಸಕ್ಕೆ ಬೀಜ, ಗೊಬ್ಬರ ಎರಡೂ ನಮ್ಮದೇ.

ಭದ್ರಾವತಿ ಇಂಥ ಕೈಗಳ ಊರು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆಗೆ ಇವತ್ತು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಆ ಯಜಮಾನರೂ ಹುಡುಗನಾಗಿದ್ದಾಗ ಅಲ್ಲೇ ಗುತ್ತಿಗೆ ಮೇಲೆ ಮೋಟಾರ್ ವೈಂಡಿಂಗ್ ಕಲಿತವರಂತೆ. 2023ರ ಜನವರಿಯಲ್ಲಿ ಅದನ್ನು ಮುಚ್ತಾರೆ ಅಂದಾಗ ಕಾರ್ಮಿಕರು ಬೀದಿಗಿಳಿದರು. ಇಂಥ ಕಾರ್ಖಾನೆ ಸೊರಗಿದ್ರೆ ಕಬ್ಬಿಣ ಬೇರೆ ಕಡೆಯಿಂದ ತರಬಹುದು, ಆ ಕೈಗಳನ್ನ ಎಲ್ಲಿಂದ ತರ್ತೀರಿ? ಸೆಪ್ಟೆಂಬರ್ 15ಕ್ಕೆ ಇಂಜಿನಿಯರ್ಸ್ ಡೇ ಅಂತ ಸ್ಟೇಟಸ್ ಹಾಕೋ ನಾವು, ಆ ಬಲ್ಬು ಹಿಡಿದವರನ್ನ ಇಂಜಿನಿಯರ್ ಅಂತ ಯಾವತ್ತಾದ್ರೂ ಕರೆದಿದ್ದೀವಾ?

ಅವರ ಹತ್ತಿರ ನನ್ನ ಕಾರಿನ ವೈರಿಂಗ್ ನಕ್ಷೆ ಇರಲಿಲ್ಲ, ನೆನಪಿನಿಂದ ಕೆಲಸ ಮಾಡಿದ್ರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಡೀಲರಿಗೆ ಸಿಗುವ ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜಿಗೂ ಸಿಗಬೇಕು ಅಂತ 2012ರಲ್ಲೇ ಜನ ಮತ ಹಾಕಿ ಕಾನೂನು ತಂದರು. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ವಾಹನಗಳೂ ಅದರಲ್ಲಿವೆ. ಪೋರ್ಟಲ್ ಸಾಲದು. ನಕ್ಷೆ ಗ್ಯಾರೇಜಿನ ಗೋಡೆ ಮೇಲೆ, ಕನ್ನಡದಲ್ಲಿ, ಬರಬೇಕು.

ಅದು ಬರುವಾಗ ಬರಲಿ. ಇವತ್ತೇ ಮಾಡಬಹುದಾದ್ದು ಒಂದಿದೆ. ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಮೊದಲೇ ಹೇಳಿ: "ಏನು ಹೋಗಿದೆ ಅಂತ ಪರೀಕ್ಷೆ ಮಾಡಿ ತೋರಿಸಿ. ಪಾರ್ಟ್ ಹಾಕಿದ್ರೂ ಹಾಕದಿದ್ರೂ ಹುಡುಕಿದ್ದಕ್ಕೆ ದುಡ್ಡು ಕೊಡ್ತೀನಿ."

ಮುಂದಿನ ವಾರ ಆಸ್ಪತ್ರೆಗೆ ಹೋಗ್ತಾ ಆ ಅಂಗಡಿ ಮುಂದೆ ನಿಲ್ಲಿಸಿ ಉಳಿದ ನೂರು ರೂಪಾಯಿ ಕೊಟ್ಟೆ. ಅವರಿಗೆ ನನ್ನ ಮುಖ ನೆನಪಿರಲಿಲ್ಲ. ಬಾನೆಟ್ ಕಡೆ ನೋಡಿ ಕೇಳಿದ್ರು, "ಕ್ಲಚ್ ವೈರಿನ ಗಾಡಿ ಅಲ್ವಾ? ಈಗ ಕಚ್ತಿದೆಯಾ?"