ಗಾಳಿಗೆ ಎದೆಯೊಡ್ಡುವವರು

ಆಷಾಢದಲ್ಲಿ ನಮ್ಮ ನರಗುಂದದ ಎರೆಯ ಬಯಲಿನ ಮೇಲೆ ಬೀಸುವ ಗಾಳಿಯನ್ನು ಬಲ್ಲವರೇ ಬಲ್ಲರು. ಗುಡ್ಡವೊಂದನ್ನು ಬಿಟ್ಟರೆ ಅದಕ್ಕೆ ಅಡ್ಡ ನಿಲ್ಲುವುದೇನೂ ಇಲ್ಲ. ಅಂಥದೊಂದು ಮುಂಜಾವಿನಲ್ಲಿ ಸಮೀಪದ ಹಳ್ಳಿಯ ರೈತರೊಬ್ಬರು ಮಗನೊಡನೆ ನಮ್ಮ ಮನೆಗೆ ಬಂದರು. ಇಬ್ಬರೂ ಬಂದದ್ದು ಸೈಕಲ್ಲಿನ ಮೇಲೆಯೇ. ವಿಜಯಪುರದ ಕ್ರೀಡಾ ವಸತಿನಿಲಯವನ್ನು ಸೇರಿ ಸೈಕಲ್ ಪಂದ್ಯದ ತರಬೇತಿ ಪಡೆಯಬೇಕೆಂಬುದು ಹುಡುಗನ ಹಂಬಲ. ತಂದೆಯ ಪ್ರಶ್ನೆ ಒಂದೇ: "ಸೈಕಲ್ ತುಳದ್ರ ಹೊಟ್ಟಿ ತುಂಬತೈತೇನ್ರಿ, ಸರ?"

ನಕ್ಕು ತೇಲಿಸಿಬಿಡಬಹುದಾದ ಪ್ರಶ್ನೆಯಲ್ಲ ಇದು. ಯುರೋಪಿನಲ್ಲಿ ತುಂಬುತ್ತದೆ. 1903ರಲ್ಲಿ ಆರಂಭವಾದ 'ಟೂರ್ ಡಿ ಫ್ರಾನ್ಸ್' ಈಗ ಮೂರು ವಾರಗಳ, ಮೂರು ಸಾವಿರಕ್ಕೂ ಮಿಕ್ಕ ಕಿಲೋಮೀಟರುಗಳ ಪಂದ್ಯ. ಅಲ್ಲಿಯ ಸವಾರರು ತಂಡಗಳಿಂದ ಸಂಬಳ ಪಡೆಯುವ ವೃತ್ತಿಗಾರರು. ಆದರೆ ಅವರಲ್ಲಿ ಹೆಚ್ಚಿನವರು ತಮ್ಮ ಗೆಲುವಿಗಾಗಿ ತುಳಿಯುವವರಲ್ಲ. ಮುಂದಿನವನ ಬೆನ್ನಿಗಂಟಿ ಸಾಗಿದರೆ ಶ್ರಮದಲ್ಲಿ ಸುಮಾರು ಮೂರರಲ್ಲೊಂದು ಪಾಲು ಉಳಿಯುತ್ತದೆ. ಆದ್ದರಿಂದ ನಾಯಕನ ಮುಂದೆ ನಡೆದು ಗಾಳಿಯನ್ನು ತಾವುಂಡು, ಅವನಿಗೆ ನೀರು ತಂದುಕೊಟ್ಟು, ಬೇಕಾದರೆ ತಮ್ಮ ಚಕ್ರವನ್ನೇ ಬಿಚ್ಚಿಕೊಡುವುದು ಅವರ ಕೆಲಸ. ಫ್ರೆಂಚರು ಅವರನ್ನು ಕರೆಯುವ 'ದೊಮೆಸ್ತೀಕ್' ಎಂಬ ಪದಕ್ಕೆ ಮನೆಯಾಳು ಎಂದೇ ಅರ್ಥ.

ನಮ್ಮ ನಾಡಿನಲ್ಲಿ ಆ ವೃತ್ತಿಯ ಬಾಗಿಲು ಇನ್ನೂ ಪೂರ್ತಿ ತೆರೆದಿಲ್ಲ. ಬೆಂಗಳೂರಿನ ನವೀನ್ ಜಾನ್ ಅವರು ರಾಷ್ಟ್ರೀಯ ಚಾಂಪಿಯನ್ ಆಗಿ, ಬೆಲ್ಜಿಯಂನ ರಸ್ತೆಗಳಲ್ಲಿ ಪಳಗಿ, 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ 40 ಕಿಲೋಮೀಟರುಗಳ ಟೈಮ್ ಟ್ರಯಲ್‌ನಲ್ಲಿ ಸ್ಪರ್ಧಿಸಿದರು. ಆ ಬಗೆಯ ಪಂದ್ಯದಲ್ಲಿ ಯಾರ ಬೆನ್ನ ಮರೆಯೂ ಇಲ್ಲ. ಒಬ್ಬೊಬ್ಬರಾಗಿ ಹೊರಟು ಗಡಿಯಾರದೊಡನೆ ಸೆಣಸಬೇಕು. ಅಂದು ಗೆದ್ದವರು ಜರ್ಮನಿಯ ಟೋನಿ ಮಾರ್ಟಿನ್. ಇನ್ನು ನಮ್ಮಲ್ಲಿ ಪದಕ ಗೆದ್ದವರಿಗೂ ಅನ್ನ ಹಾಕುವುದು ಬಹುಮಟ್ಟಿಗೆ ಪಂದ್ಯವಲ್ಲ, ಕ್ರೀಡಾಪಟುಗಳೆಂದು ದೊರೆಯುವ ರೈಲ್ವೆಯ ಅಥವಾ ಸೇನೆಯ ನೌಕರಿ.

ಇದಿಷ್ಟನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಕಳಿಸುವುದಾದರೆ ಕಳಿಸಿರಿ, ಆದರೆ ಓದನ್ನು ಬಿಡಿಸಬೇಡಿರಿ ಎಂದೆ. ಹುಡುಗ ನೆಲ ನೋಡುತ್ತಿದ್ದ. "ವಿಚಾರ ಮಾಡ್ತೀನ್ರಿ" ಎಂದು ತಂದೆ ಎದ್ದರು.

ಮರಳುವ ದಾರಿಯಲ್ಲಿ ಗಾಳಿ ಎದುರಾಗಿತ್ತು. ಹುಡುಗ ಮುಂದಾದ; ಮೇಲಿಂದ ಮೇಲೆ ಹಿಂದಿರುಗಿ ನೋಡುತ್ತ, ತಂದೆಯ ಸೈಕಲ್ಲು ತನ್ನ ಮರೆಯಿಂದ ಹೊರಬೀಳದಂತೆ ವೇಗ ತಗ್ಗಿಸಿ ತುಳಿಯುತ್ತಿದ್ದ. ಯಾರೂ ಕಲಿಸದೆಯೇ ಆ ವೃತ್ತಿಯ ಮೊದಲ ಪಾಠ ಅವನಿಗೆ ಬಂದಿತ್ತು. ತಂದೆಗೆ ಅದು ತಿಳಿಯಿತೋ ಇಲ್ಲವೋ, ನಾನರಿಯೆ.